ಬೆಕ್ಕಿನ ವಿಜ್ಞಾನದ ಮೇಲೆ ಮಕ್ಕಳಿಂದಲೇ ಒಂದು ಕಾಮಿಕ್ಸ್ ಪುಸ್ತಕ: ಮೊದಲ ಪ್ರಶ್ನೆಯಿಂದ ನೂಲು ಹೊಲಿಯುವವರೆಗೆ

ರಜೆ ಹತ್ರ ಬಂತು ಅಂದ್ರೆ ಮಂಗಳೂರು, ಉಡುಪಿ ಕಡೆಯ ಅಪ್ಪ ಅಮ್ಮಂದಿರು, ಟೀಚರ್‌ಗಳು ಎಲ್ಲ ಕೇಳುವ ಪ್ರಶ್ನೆ ಒಂದೇ. ಮಕ್ಕಳಿಗೆ ಬೆಕ್ಕು ಅಂದ್ರೂ ಪ್ರಾಣ, ಕಾಮಿಕ್ಸ್ ಅಂದ್ರೂ ಪ್ರಾಣ, ಎರಡನ್ನೂ ಸೇರಿಸಿ ಸ್ವಲ್ಪ ಸೈನ್ಸ್ ಕೂಡ ಬರುವ ಹಾಗೆ ಒಂದು ಪುಸ್ತಕ ಮಾಡಿಸ್ಲಿಕ್ಕೆ ಆಗ್ತದಾ? ಆಗ್ತದೆ. ಒಬ್ಬೊಬ್ಬರಿಗೆ ಬಿಡಿ ಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲ ಒಂದೇ ಕಡೆ ಬರೆದಿದ್ದೇನೆ. 8ರಿಂದ 13 ವರ್ಷದ ಮಕ್ಕಳನ್ನು ಮನಸ್ಸಲ್ಲಿಟ್ಟು ಬರೆದದ್ದು. ಸಣ್ಣವರಾದ್ರೆ ಅಕ್ಷರದ ಕೆಲಸ ನೀವು ಮಾಡಿ, ಚಿತ್ರ ಅವರಿಗೇ ಬಿಡಿ.

ನಾವು ಮಾಡುವುದು ನಾನ್‌ಫಿಕ್ಷನ್ ಗ್ರಾಫಿಕ್ ನಾವೆಲ್, ಅಂದ್ರೆ ಕಾಮಿಕ್ಸ್ ರೂಪದ ಪುಸ್ತಕ, ಒಳಗಿನ ಮಾಹಿತಿ ಮಾತ್ರ ಪೂರ್ತಿ ನಿಜ. ಕಟ್ಟುಕಥೆ ಎಷ್ಟು ಬೇಕಾದ್ರೂ ಇರ್ಲಿ, ಬೆಕ್ಕು ಮಾತಾಡ್ಲಿ, ಆದ್ರೆ ಅದು ಹೇಳುವ ವಿಜ್ಞಾನ ತಪ್ಪಿರಬಾರದು.

ಕೆಲಸ ಶುರು ಮಾಡುವ ಮೊದಲು ಒಂದು ಪರೀಕ್ಷೆ ನೆನಪಿಟ್ಟುಕೊಳ್ಳಿ, ಈ ಇಡೀ ಲೇಖನ ನಿಂತಿರುವುದೇ ಅದರ ಮೇಲೆ. ಪುಟದ ಚಿತ್ರಗಳನ್ನು ಕೈಯಿಂದ ಮುಚ್ಚಿ, ಬರೀ ಮಾತು ಓದಿ. ಎಲ್ಲ ಅರ್ಥ ಆಯ್ತು ಅಂದ್ರೆ ಅದು ಕಾಮಿಕ್ಸ್ ಅಲ್ಲ, ಪಾಠದ ಪಕ್ಕ ಅಂಟಿಸಿದ ಚಿತ್ರ. ವಿಜ್ಞಾನವನ್ನು ಚಿತ್ರವೇ ಹೇಳ್ಬೇಕು, ಮಾತು ಅದಕ್ಕೆ ಕೈ ಹಿಡಿದ್ರೆ ಸಾಕು. ಮಕ್ಕಳ ಸೈನ್ಸ್ ಕಾಮಿಕ್ಸ್ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಬೆಕ್ಕಿನ ಬಾಯಿಂದ ಒಂದು ದೊಡ್ಡ ಬಲೂನ್ (ಮಾತು ಬರೆಯುವ ಉರುಟು) ಹೊರಡಿಸಿ ಅದರೊಳಗೆ ಸೈನ್ಸ್ ಪುಸ್ತಕದ ಅರ್ಧ ಪುಟ ತುಂಬಿಸಿಬಿಡ್ತಾರೆ.

ಏನೇನು ಬೇಕು

100 ಜಿಎಸ್‌ಎಂ ಎ4 ಹಾಳೆ (ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗ್ತದೆ ಅನ್ನುವ ಲೆಕ್ಕ, ಮಾಮೂಲಿ ಕ್ಸೆರಾಕ್ಸ್ ಹಾಳೆ 70-75 ಇರ್ತದೆ, ಅದರಲ್ಲಿ ಶಾಯಿ ಹಿಂದೆ ಕಾಣ್ತದೆ), ಎಚ್‌ಬಿ ಪೆನ್ಸಿಲ್, ಒಳ್ಳೆ ರಬ್ಬರ್, ಸ್ಕೇಲ್, ನೀರಿಗೆ ಕರಗದ ಕಪ್ಪು ಪೆನ್ ಎರಡು, ಒಂದು ಸಪೂರ ಒಂದು ದಪ್ಪ. ಗೋಂದು, ದಪ್ಪ ಸೂಜಿ, ಗಟ್ಟಿ ಬಿಳಿ ನೂಲು. ಸ್ಲೋ ಮೋಷನ್ ವಿಡಿಯೋ ಬರುವ ಮೊಬೈಲ್ ಇದ್ರೆ ತುಂಬಾ ಉಪಕಾರ. ಸ್ಕೆಚ್ ಪೆನ್ ಮಾತ್ರ ಬೇಡ, ನಮ್ಮ ಕಡೆ ಮಳೆಗಾಲದಲ್ಲಿ ಹಾಳೆ ತೇವ ಎಳ್ಕೊಂಡಿರ್ತದೆ, ಗೆರೆ ಹರಡಿ ಕಣ್ಣು ಮೂಗು ಒಂದಾಗ್ತದೆ.

ಹಂತ 1: ವಿಷಯ ಅಲ್ಲ, ಪ್ರಶ್ನೆ ಆರಿಸಿ

"ಬೆಕ್ಕಿನ ಕಣ್ಣು" ಅಂತ ತಲೆಬರಹ ಇಟ್ರೆ ಮಕ್ಕಳು ಗೂಗಲ್ ನೋಡಿ ಕಾಪಿ ಮಾಡ್ತಾರೆ. "ರಾತ್ರಿ ಸ್ಕೂಟರ್ ಲೈಟ್ ಬಿದ್ದಾಗ ಓಣಿಯ ಬೆಕ್ಕಿನ ಕಣ್ಣು ಯಾಕೆ ಹೊಳೀತದೆ?" ಅಂತ ಇಟ್ರೆ ಯೋಚನೆ ಮಾಡ್ತಾರೆ. ಒಂದು ಪುಟಕ್ಕೆ ಒಂದೇ ಪ್ರಶ್ನೆ, ಇದು ಕಡ್ಡಾಯ. ಮೊದಲ ದಿನ ಮಕ್ಕಳನ್ನು ಕೂರಿಸಿ ಅವರಿಗೆ ಬಂದ ಪ್ರಶ್ನೆ ಎಲ್ಲ ಬರೆಸಿ, ಯಾವುದನ್ನೂ ಹೊಡೆದು ಹಾಕ್ಬೇಡಿ. ಆಮೇಲೆ ಚಿತ್ರದಲ್ಲಿ ತೋರಿಸ್ಲಿಕ್ಕೆ ಆಗುವುದು ಯಾವುದು ಅಂತ ಬೇರೆ ಮಾಡಿ. "ಬೆಕ್ಕಿಗೆ ನನ್ನ ಮೇಲೆ ಪ್ರೀತಿ ಉಂಟಾ?" ಒಳ್ಳೆ ಪ್ರಶ್ನೆಯೇ, ಆದ್ರೆ ಮೊದಲ ಪುಸ್ತಕಕ್ಕೆ ಕಷ್ಟ. "ಬೆಕ್ಕು ಮೇಲಿಂದ ಬಿದ್ರೂ ಕಾಲ ಮೇಲೆಯೇ ಹೇಗೆ ನಿಲ್ತದೆ?" ಅನ್ನುವುದು ಕಾಮಿಕ್ಸಿಗೆ ಹೇಳಿ ಮಾಡಿಸಿದ ಪ್ರಶ್ನೆ.

ಹಂತ 2: ಮೊದಲು ನೋಡಿ, ಆಮೇಲೆ ಓದಿ

ಬೆಕ್ಕಿಗೆ ನಮ್ಮೂರಲ್ಲಿ ಬರ ಇಲ್ಲ. ಮನೆಯದ್ದು ಇಲ್ಲದಿದ್ರೆ ಮೀನು ಮಾರ್ಕೆಟಿನ ಬದಿ ಒಂದು ಗಳಿಗೆ ನಿಂತ್ರೆ ಸಾಕು, ಬೂತಾಯಿ ಬಂಗುಡೆ ಕ್ಲೀನ್ ಮಾಡುವಲ್ಲಿ ಸಾಲಾಗಿ ಕೂತಿರ್ತವೆ. ಮಗುವಿಗೆ ಒಂದು ಸಣ್ಣ ನೋಟ್‌ಬುಕ್ ಕೊಟ್ಟು ಇಷ್ಟು ನೋಡ್ಲಿಕ್ಕೆ ಹೇಳಿ: ಮುಂದಿನ ಕಾಲಲ್ಲಿ ಎಷ್ಟು ಬೆರಳು, ಹಿಂದಿನ ಕಾಲಲ್ಲಿ ಎಷ್ಟು (ಮುಂದೆ 5, ಹಿಂದೆ 4, ಮುಂದಿನ ಐದನೆಯದು ಸ್ವಲ್ಪ ಮೇಲೆ ಇರ್ತದೆ, ನೆಲಕ್ಕೆ ತಾಗುವುದಿಲ್ಲ). ಮೀಸೆ ಮುಖದಲ್ಲಿ ಮಾತ್ರವಾ? ಅಲ್ಲ, ಮುಂಗಾಲಿನ ಹಿಂಬದಿಯಲ್ಲೂ ಗಟ್ಟಿ ಕೂದಲು ಉಂಟು, ಹಿಡಿದ ಇಲಿ ಕೊಸರಾಡ್ತಾ ಉಂಟಾ ಅಂತ ಅದರಿಂದ ಗೊತ್ತಾಗ್ತದೆ. ಮೀನಿನವರ ಹಾರ್ನ್ ಕೇಳಿದಾಗ ಬೆಕ್ಕು ತಲೆ ತಿರುಗಿಸುವ ಮೊದಲೇ ಕಿವಿ ತಿರುಗ್ತದಾ? ಎರಡೂ ಕಿವಿ ಒಟ್ಟಿಗಾ, ಬೇರೆ ಬೇರೆಯಾ?

ಕಣ್ಣಿನ ಪಾಪೆ ನೋಡ್ಲಿಕ್ಕೆ ಮಂಗಳೂರು ಹತ್ರದ ಪಿಲಿಕುಳ ಮೃಗಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ಮಧ್ಯಾಹ್ನದ ಬಿಸಿಲಲ್ಲಿ ಮನೆ ಬೆಕ್ಕಿನ ಪಾಪೆ ಮೇಲಿಂದ ಕೆಳಗೆ ಒಂದು ಗೀಟಿನ ಹಾಗೆ ಇರ್ತದೆ, ಹುಲಿಯದ್ದು ಸಣ್ಣದಾಗ್ತದೆ ಆದ್ರೆ ಉರುಟೇ. ಎರಡೂ ಒಂದೇ ಕುಟುಂಬ, ಹಾಗಾದ್ರೆ ಈ ವ್ಯತ್ಯಾಸ ಯಾಕೆ? ನೆಲಕ್ಕೆ ಹತ್ತಿರ ಕಣ್ಣಿದ್ದು, ಹೊಂಚು ಹಾಕಿ ಹಾರುವ ಸಣ್ಣ ಬೇಟೆಗಾರರಿಗೆ ದೂರದ ಅಂದಾಜು ಸರಿ ಸಿಗ್ಲಿಕ್ಕೆ ಗೀಟು ಪಾಪೆ ಅನುಕೂಲ ಅಂತ 2015ರಲ್ಲಿ ಬಂದ ಒಂದು ಅಧ್ಯಯನ ಹೇಳ್ತದೆ. ಪಿಲಿವೇಷ (ಹುಲಿವೇಷ) ನೋಡಿ ಬೆಳೆದ ಮಕ್ಕಳಿಗೆ ಹುಲಿ ಮುಖ ಬರೀಲಿಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ, ಎರಡು ಮುಖ ಅಕ್ಕಪಕ್ಕ ಇಟ್ರೆ ಪುಟ ಆಯ್ತು.

ಇಲ್ಲಿ ಎಚ್ಚರಿಕೆ. ಬೀದಿ ಬೆಕ್ಕನ್ನು ಮುಟ್ಟಬಾರದು, ಮರಿ ಇದ್ದಲ್ಲಿ ಹತ್ತಿರ ಹೋಗಬಾರದು. ಕಚ್ಚಿದ್ರೆ ಅಥವಾ ಪರಚಿದ್ರೆ, ರಕ್ತ ಬರದಿದ್ರೂ, ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಡಾಕ್ಟರ್ ಹತ್ರ ಹೋಗಿ. ರೇಬೀಸ್ ನಾಯಿಯಿಂದ ಮಾತ್ರ ಬರುವುದಲ್ಲ. ಅರಿಶಿನ, ಸುಣ್ಣ ಅಂತ ಹಚ್ಚಿಕೊಂಡು ಕೂರಬೇಡಿ. ಇದನ್ನು ಪುಸ್ತಕದ ಕೊನೆಗೆ ಒಂದು ಪುಟವಾಗಿ ಹಾಕಿಸಿ, ಓದುವ ಮಕ್ಕಳಿಗೂ ಬೇಕಾದ ಮಾಹಿತಿ.

ಹಂತ 3: ಮಾಹಿತಿಯನ್ನು ಜರಡಿ ಹಿಡಿಯಿರಿ

ಬೆಕ್ಕಿನ ಬಗ್ಗೆ ಓಡಾಡುವ ಮಾತಲ್ಲಿ ಅರ್ಧಕ್ಕರ್ಧ ತಪ್ಪು. ನಮ್ಮ ಕಡೆ ಮಕ್ಕಳು ಬರೆದು ತರುವ ತಪ್ಪುಗಳನ್ನು ಹೇಳ್ತೇನೆ.

"ಬೆಕ್ಕಿಗೆ ಪೂರ್ತಿ ಕತ್ತಲಲ್ಲೂ ಕಾಣ್ತದೆ." ಇಲ್ಲ. ನಮಗೆ ಬೇಕಾದ ಬೆಳಕಿನ ಸುಮಾರು ಆರನೇ ಒಂದು ಭಾಗ ಇದ್ರೆ ಸಾಕು, ಆದ್ರೆ ಅಷ್ಟಾದ್ರೂ ಬೇಕು. ಕಣ್ಣಿನ ಹಿಂಬದಿಯ ಪರದೆಗೆ ಅಕ್ಷಿಪಟ ಅಂತಾರೆ, ಅದರ ಹಿಂದೆ ಹೊಳೆಯುವ ಒಂದು ಪದರ ಉಂಟು, ಟಪೀಟಮ್ ಅಂತ ಹೆಸರು. ಅಕ್ಷಿಪಟದಲ್ಲಿ ಸಿಕ್ಕದೆ ದಾಟಿ ಹೋದ ಬೆಳಕನ್ನು ಅದು ವಾಪಸ್ ಕಳಿಸ್ತದೆ, ಹಾಗಾಗಿ ಒಂದೇ ಬೆಳಕಿಗೆ ಎರಡು ಚಾನ್ಸ್. ನಾವು ನೋಡುವ ಹೊಳಪು ಅದೇ. ಕಣ್ಣಿಂದ ಬೆಳಕು ಹುಟ್ಟುವುದಿಲ್ಲ, ಬಾಣದ ಗುರುತು ಹಾಕುವಾಗ ಲೈಟಿಂದ ಕಣ್ಣಿಗೆ, ಕಣ್ಣಿಂದ ವಾಪಸ್ ಅಂತ ಎರಡೂ ಹಾಕಿಸಿ.

"ಬೆಕ್ಕಿಗೆ ಹಾಲು ಒಳ್ಳೇದು." ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆ ಕೇಳಿಕೊಂಡೇ ಬೆಳೆದವರು ನಾವೆಲ್ಲ, ಆದ್ರೆ ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ, ಅಂದ್ರೆ ಲ್ಯಾಕ್ಟೋಸ್, ಜೀರ್ಣ ಆಗುವುದಿಲ್ಲ, ಹೊಟ್ಟೆ ಕೆಡ್ತದೆ. ಇನ್ನೊಂದು ಸೂಕ್ಷ್ಮ ವಿಷಯ ಉಂಟು. ಸಸ್ಯಾಹಾರದ ಮನೆಗಳಲ್ಲಿ ಬರೀ ಮೊಸರನ್ನ ಹಾಕಿ ಬೆಕ್ಕು ಸಾಕ್ತಾರೆ, ಪ್ರೀತಿಯಿಂದಲೇ ಸಾಕುವುದು. ಆದ್ರೆ ಬೆಕ್ಕು ಮಾಂಸ ತಿಂದೇ ಬದುಕುವ ಪ್ರಾಣಿ. ಟಾರಿನ್ ಅಂತ ಒಂದು ಪೋಷಕಾಂಶ ಮಾಂಸ ಮೀನಿನಲ್ಲಿ ಇರ್ತದೆ, ಬೆಕ್ಕಿನ ದೇಹ ಅದನ್ನು ಸಾಕಷ್ಟು ತಯಾರು ಮಾಡುವುದಿಲ್ಲ. ಅದು ಸಿಗದಿದ್ರೆ ಕಣ್ಣು ಹಾಳಾಗ್ತದೆ ಅಂತ ಮೊದಲೇ ಗೊತ್ತಿತ್ತು, ಹೃದಯವೂ ಹಾಳಾಗ್ತದೆ ಅಂತ 1987ರಲ್ಲಿ ಗೊತ್ತಾಯ್ತು. ಮನೆಯಲ್ಲಿ ಮೀನು ತರುವುದಿಲ್ಲ ಅಂದ್ರೆ ಅಂಗಡಿಯ ಕ್ಯಾಟ್ ಫುಡ್ ತನ್ನಿ, ಅದಕ್ಕೆ ಟಾರಿನ್ ಸೇರಿಸಿರ್ತಾರೆ. ಬೈಯುವ ಧಾಟಿಯಲ್ಲಿ ಅಲ್ಲ, ತಿಳಿಸುವ ಧಾಟಿಯಲ್ಲಿ ಬರೆಸಿ.

"ಬೆಕ್ಕಿಗೆ ಐಸ್‌ಕ್ರೀಮ್ ಸಿಹಿ ಅಂತ ಇಷ್ಟ." ಬೆಕ್ಕಿಗೆ ಸಿಹಿ ರುಚಿಯೇ ಗೊತ್ತಾಗುವುದಿಲ್ಲ, ಸಿಹಿ ಗುರುತಿಸುವ ಜೀನ್ ಅದರಲ್ಲಿ ಕೆಟ್ಟು ಕೂತಿದೆ ಅಂತ 2005ರಲ್ಲಿ ಪತ್ತೆ ಆಯ್ತು. ಗಡ್‌ಬಡ್ ಗ್ಲಾಸ್ ನೆಕ್ಕುವ ಬೆಕ್ಕು ನೆಕ್ಕುವುದು ಕೊಬ್ಬಿನ ಆಸೆಗೆ.

ಇನ್ನು ಪುನುಗು ಬೆಕ್ಕು. ಹಂಚಿನ ಮಾಡಿನ ಮೇಲೆ ರಾತ್ರಿ ಓಡಾಡುವುದು, ಹಣ್ಣು ತಿನ್ನುವುದು, ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೆಸರಲ್ಲಿ ಬೆಕ್ಕು ಇದ್ರೂ ಅದು ಬೆಕ್ಕಿನ ಕುಟುಂಬದ್ದಲ್ಲ, ಬೇರೆಯೇ ಕುಟುಂಬ. ಬೆಕ್ಕಿನ ವಂಶದ ಮರ ಬರೆಯುವಾಗ ಅದನ್ನು ಕೊಂಬೆಗೆ ಹಾಕ್ಬೇಡಿ. ಪಶ್ಚಿಮ ಘಟ್ಟದಲ್ಲಿ ನಿಜವಾದ ಬೆಕ್ಕಿನ ಸಂಬಂಧಿಗಳು ಬೇಕಷ್ಟು ಇದ್ದಾವೆ: ಹುಲಿ, ಚಿರತೆ, ಕಾಡುಬೆಕ್ಕು (ಜಂಗಲ್ ಕ್ಯಾಟ್), ಚಿರತೆ ಬೆಕ್ಕು, ಮತ್ತೆ ರಸ್ಟಿ ಸ್ಪಾಟೆಡ್ ಕ್ಯಾಟ್ ಅಂತ ಪ್ರಪಂಚದ ಅತಿ ಸಣ್ಣ ಕಾಡು ಬೆಕ್ಕುಗಳಲ್ಲಿ ಒಂದು, ಒಂದೂವರೆ ಕಿಲೋ ತೂಗಿದ್ರೆ ಹೆಚ್ಚು. ಮನೆ ಬೆಕ್ಕಿನ ಅಜ್ಜ ಮಾತ್ರ ಇವರ್ಯಾರೂ ಅಲ್ಲ, ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ವೈಲ್ಡ್ ಕ್ಯಾಟ್ ಅನ್ನುವ ಬೇರೆ ಜಾತಿಯ ಕಾಡು ಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದೆ ಮನುಷ್ಯನ ಪಕ್ಕದಲ್ಲೇ ಹೂತ ಬೆಕ್ಕೊಂದರ ಎಲುಬು ಸಿಕ್ಕಿದೆ, ಅದೊಂದು ಪ್ಯಾನೆಲ್ (ಕಾಮಿಕ್ಸಿನ ಒಂದು ಚೌಕ) ಹಾಕಿದ್ರೆ ಸಂಬಂಧ ಎಷ್ಟು ಹಳೇದು ಅಂತ ಮಕ್ಕಳಿಗೆ ತಾಗ್ತದೆ.

ಓದುವ ಪುಸ್ತಕ ಯಾವ ವರ್ಷದ್ದು ಅಂತಲೂ ನೋಡಿ. ಕೇಸರಿ ಬೆಕ್ಕಿನ ಬಣ್ಣಕ್ಕೆ ಕಾರಣವಾದ ಜೀನ್ ಯಾವುದು ಅಂತ ಪಕ್ಕಾ ಆಗಿ ಸಂಶೋಧನೆ ಪ್ರಕಟ ಆದದ್ದು 2025ರಲ್ಲಿ, ಅದಕ್ಕಿಂತ ಮೊದಲಿನ ಪುಸ್ತಕದಲ್ಲಿ ಅದು ಇರುವುದೇ ಇಲ್ಲ. ಗುರುಗುಟ್ಟುವುದೂ ಹಾಗೆ. ಮೆದುಳು ಪ್ರತಿ ಸಲ ಧ್ವನಿಪೆಟ್ಟಿಗೆಯ ಸ್ನಾಯುವಿಗೆ ಆರ್ಡರ್ ಕೊಟ್ಟು ಗುರ್ರ್ ಅನ್ನಿಸ್ತದೆ ಅಂತ ಹಳೆ ಪುಸ್ತಕಗಳು ಹೇಳ್ತವೆ, 2023ರ ಒಂದು ಅಧ್ಯಯನದಲ್ಲಿ ಮೆದುಳಿನ ಸಂಪರ್ಕವೇ ಇಲ್ಲದೆ ಬರೀ ಗಾಳಿ ಹಾಯಿಸಿದ್ರೂ ಧ್ವನಿಪೆಟ್ಟಿಗೆ ಅದೇ ರೀತಿ ಸೆಕೆಂಡಿಗೆ 25ರಿಂದ 30 ಸಲ ಅದುರಿತು. ಇಂಥಲ್ಲಿ "ಇದೇ ಕಾರಣ" ಅಂತ ಬರೆಸ್ಬೇಡಿ, "ವಿಜ್ಞಾನಿಗಳು ಇನ್ನೂ ಹುಡುಕ್ತಾ ಇದ್ದಾರೆ" ಅಂತ ಬರೆಸಿ. ಉತ್ತರ ಮುಗಿಯದ ಪ್ರಶ್ನೆ ಒಂದಾದ್ರೂ ಪುಸ್ತಕದಲ್ಲಿ ಇರ್ಲಿ ಅಂತ ನನ್ನ ಆಸೆ.

ಹಂತ 4: ಪುಟ ಹಂಚಿಕೆ

4 ಹಾಳೆ ನಡುವಿಗೆ ಮಡಚಿದ್ರೆ 16 ಪುಟ. ಮೊದಲ ಪುಸ್ತಕಕ್ಕೆ ಇದಕ್ಕಿಂತ ಜಾಸ್ತಿ ಬೇಡ, ಮಕ್ಕಳು ಅರ್ಧದಲ್ಲಿ ಬಿಡ್ತಾರೆ. ಪುಟದ ಲೆಕ್ಕ ಯಾವಾಗಲೂ ನಾಲ್ಕರ ಗುಣಕದಲ್ಲೇ ಇರ್ಬೇಕು, 14 ಪುಟದ ಪುಸ್ತಕ ಮಾಡ್ಲಿಕ್ಕೆ ಹೋದ್ರೆ ಎರಡು ಖಾಲಿ ಉಳೀತದೆ.

ಒಂದು ಡಮ್ಮಿ ಮಾಡಿ. ಡಮ್ಮಿ ಅಂದ್ರೆ ಖಾಲಿ ಹಾಳೆ ಮಡಚಿ ಪುಟ ಸಂಖ್ಯೆ ಮಾತ್ರ ಬರೆದ ಪುಸ್ತಕ. ಅದನ್ನು ಬಿಚ್ಚಿ ನೋಡಿದ್ರೆ ಯಾವ ಪುಟದ ಪಕ್ಕ ಯಾವುದು ಬರ್ತದೆ ಅಂತ ಗೊತ್ತಾಗ್ತದೆ: ಹೊರಗಿನ ಹಾಳೆಯ ಒಂದು ಬದಿ 16 ಮತ್ತು 1, ಹಿಂಬದಿ 2 ಮತ್ತು 15. ಎರಡನೇದು 14-3, ಹಿಂದೆ 4-13. ಮೂರನೇದು 12-5, ಹಿಂದೆ 6-11. ಒಳಗಿನದ್ದು 10-7, ಹಿಂದೆ 8-9. ಯಾವ ಜೋಡಿ ಕೂಡಿಸಿದ್ರೂ 17 ಬರ್ಬೇಕು, ಬರದಿದ್ರೆ ಎಲ್ಲೋ ತಪ್ಪಿದೆ.

ಇದರಲ್ಲೇ ಪುಸ್ತಕದ ಮುಖ್ಯ ನಿರ್ಧಾರ ಅಡಗಿ ಕೂತಿದೆ. 8-9 ಒಂದೇ ಹಾಳೆ, ನಡುವೆ ಕತ್ತರಿ ಇಲ್ಲ. ಬೇರೆ ಎಲ್ಲ ಕಡೆ ಎದುರುಬದುರು ಪುಟಗಳು ಬೇರೆ ಬೇರೆ ಹಾಳೆಯಲ್ಲಿರ್ತವೆ, ಎರಡು ಪುಟಕ್ಕೆ ಹಬ್ಬಿದ ಚಿತ್ರ ಹಾಕಿದ್ರೆ ಗೆರೆ ಗೆರೆಗೆ ಕೂಡುವುದಿಲ್ಲ. ಹಾಗಾಗಿ ಅತಿ ದೊಡ್ಡ ಚಿತ್ರ 8-9ಕ್ಕೆ ಮೀಸಲು, ಬೀಳುವ ಬೆಕ್ಕಿಗೆ ಅದೇ ಜಾಗ.

ಎರಡನೇದು, ಪುಟ ತಿರುಗಿಸುವ ಗಳಿಗೆ. ಬೆಸ ಸಂಖ್ಯೆಯ ಪುಟ ಯಾವಾಗಲೂ ಬಲಕ್ಕೆ, ಅದರ ಕೊನೆ ಪ್ಯಾನೆಲ್ ನೋಡಿದ ಮೇಲೆ ಓದುವ ಮಗು ಪುಟ ತಿರುಗಿಸ್ತದೆ. ಪ್ರಶ್ನೆಯನ್ನು ಬೆಸ ಪುಟದ ಕೊನೆಗಿಡಿ, ಉತ್ತರ ತಿರುಗಿಸಿದ ಮೇಲೆ ಸಿಗ್ಲಿ. 7ನೇ ಪುಟದ ಕೊನೆ ಪ್ಯಾನೆಲಲ್ಲಿ ಹಂಚಿನ ಮಾಡಿನ ಅಂಚಲ್ಲಿ ಬೆಕ್ಕಿನ ಕಾಲು ಸರಕ್ ಅಂತ ಜಾರ್ಲಿ, ಅಷ್ಟೇ.

ಹಂತ 5: ಮಾಹಿತಿಯನ್ನು ಪ್ಯಾನೆಲ್ ಮಾಡುವುದು

ಪ್ಯಾನೆಲ್ ಅಂದ್ರೆ ಒಂದು ಚೌಕ, ಒಂದು ಕ್ಷಣ. ಚೌಕಗಳ ನಡುವಿನ ಖಾಲಿ ಜಾಗಕ್ಕೆ ಗಟರ್ ಅಂತಾರೆ. ಸಮಯ ಓಡುವುದು ಆ ಖಾಲಿ ಜಾಗದಲ್ಲಿ, ಅದಕ್ಕೇ ಬೆಕ್ಕಿನ ಚಲನೆ ತೋರಿಸ್ಲಿಕ್ಕೆ ಕಾಮಿಕ್ಸಿನಷ್ಟು ಒಳ್ಳೆ ಸಾಧನ ಇಲ್ಲ ಅಂತ ನಾನು ಹೇಳುವುದು. ಈ ಹಂತಕ್ಕೆ ಸಮಯ ಧಾರಾಳ ಕೊಡಿ.

ನೀರು ಕುಡಿಯುವುದನ್ನೇ ತಗೊಳ್ಳಿ. ಮಗು ಮೊದಲು ಬರೆದು ತರುವುದು ಹೀಗೆ: "ಬೆಕ್ಕು ನಾಲಿಗೆಯ ತುದಿಯನ್ನು ನೀರಿಗೆ ತಾಗಿಸಿ ವೇಗವಾಗಿ ಮೇಲೆತ್ತಿದಾಗ ನೀರಿನ ಕಂಬ ಏಳುತ್ತದೆ, ಆಗ ಅದು ಬಾಯಿ ಮುಚ್ಚುತ್ತದೆ." ಮಾಹಿತಿ ಸರಿ, 2010ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಜೊತೆಗಾರರು ಹೈ ಸ್ಪೀಡ್ ಕ್ಯಾಮೆರಾ ಇಟ್ಟು ಕಂಡುಕೊಂಡದ್ದು ಇದೇ. ಆದ್ರೆ ಇದಕ್ಕೆ ಚಿತ್ರ ಬೇಡವೇ ಬೇಡ, ವಾಕ್ಯವೇ ಎಲ್ಲ ಹೇಳಿ ಮುಗಿಸಿದೆ. ಈಗ ಮೊಬೈಲಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದು ನಿಲ್ಲಿಸಿ ನಿಲ್ಲಿಸಿ ನೋಡಿ, ಹೀಗೆ ಹರಡಿ:

ಒಂದನೇ ಚೌಕ, ಅಂಗಳದ ಬಟ್ಟಲು, ಬೆಕ್ಕಿನ ಮುಖ, ನಾಲಿಗೆಯ ತುದಿ ಹಿಂದಕ್ಕೆ ಮಡಚಿ ನೀರ ಮೇಲ್ಮೈಗೆ ತಾಗಿದೆ ಅಷ್ಟೇ, ಒಳಗೆ ಮುಳುಗಿಲ್ಲ. ಮಾತಿಲ್ಲ. ಎರಡನೇದು, ಅದೇ ಅಳತೆಯ ಚೌಕ, ನಾಲಿಗೆ ಮೇಲೆ, ಅದಕ್ಕೆ ಅಂಟಿಕೊಂಡು ಎದ್ದ ನೀರಿನ ಸಪೂರ ಕಂಬ. ಮೂರನೇದು, ಕಂಬ ಮುರಿದು ಬೀಳುವ ಮೊದಲೇ ಬಾಯಿ ಟಪ್ ಅಂತ ಮುಚ್ಚಿದೆ. ನಾಲ್ಕನೇದರಲ್ಲಿ ಸಣ್ಣ ಹುಡುಗಿ ಬೆರಳು ಮಡಚ್ತಾ "ಸೆಕೆಂಡಿಗೆ ನಾಲ್ಕು ಸಲ!" ಅಂತಾಳೆ. ಐದನೇ ಉದ್ದ ಚೌಕದಲ್ಲಿ ಪಕ್ಕದ ನಾಯಿ ನಾಲಿಗೆಯನ್ನು ಸೌಟಿನ ಹಾಗೆ ಮುಳುಗಿಸಿ ಸುತ್ತ ಎಲ್ಲ ಚೆಲ್ಲಿದೆ, ಬೆಕ್ಕಿನ ಗಲ್ಲ ಒಣಗಿಯೇ ಉಂಟು. ಲೊಚ್ ಲೊಚ್ ಅನ್ನುವ ಶಬ್ದ ಬಿಟ್ರೆ ಪುಟದಲ್ಲಿ ಇರುವುದು ಒಂದೇ ಮಾತು. ಕೈಯಿಂದ ಮುಚ್ಚಿ ನೋಡಿ, ಚಿತ್ರ ಇಲ್ಲದೆ ಏನೂ ಗೊತ್ತಾಗುವುದಿಲ್ಲ. ನಮಗೆ ಬೇಕಾದ್ದು ಅದೇ.

ನಡುವಿನ ಬೀಳುವ ಬೆಕ್ಕಿಗೆ ಪುಸ್ತಕವನ್ನೇ ತಿರುಗಿಸಿಬಿಡಿ. ಓದುವವರು ಪುಸ್ತಕ ಉದ್ದಕ್ಕೆ ಹಿಡಿಯುವ ಹಾಗೆ ಚಿತ್ರ ಹಾಕಿದ್ರೆ 8ನೇ ಪುಟ ಮೇಲೆ, 9 ಕೆಳಗೆ ಬರ್ತದೆ, ಬೀಳ್ಲಿಕ್ಕೆ ಬೇಕಾದಷ್ಟು ಎತ್ತರ ಸಿಗ್ತದೆ. ಮೂಲೆಯಲ್ಲಿ "ಪುಸ್ತಕ ತಿರುಗಿಸಿ" ಅಂತ ಬಾಣ ಹಾಕಿ. ಮೇಲಿಂದ ಕೆಳಗೆ ಐದು ಬೆಕ್ಕು: (ಕ) ಬೆನ್ನು ಕೆಳಗೆ, ನಾಲ್ಕು ಕಾಲು ಮೇಲೆ, ಒಳಕಿವಿಯ ಪಕ್ಕ ಸಣ್ಣ ಬಲೂನ್, "ಕೆಳಗೆ ಆ ಕಡೆ!" (ಖ) ನಡು ಬಾಗಿದೆ. (ಗ) ಮುಂಗಾಲು ಎದೆಗೆ ಮಡಚಿ, ಹಿಂಗಾಲು ಚಾಚಿ, ಮುಂಭಾಗ ಮಾತ್ರ ತಿರುಗಿದೆ. (ಘ) ಈಗ ಉಲ್ಟಾ, ಮುಂಗಾಲು ಚಾಚಿ ಹಿಂಗಾಲು ಮಡಚಿ ಹಿಂಭಾಗ ತಿರುಗಿದೆ. (ಙ) ಬೆನ್ನು ಬಿಲ್ಲಾಗಿ ನಾಲ್ಕೂ ಕಾಲು ನೆಲಕ್ಕೆ. ಯಾಕೆ ಹೀಗೆ ಅಂದ್ರೆ, ಮಡಚಿಕೊಂಡ ಭಾಗ ಸುಲಭದಲ್ಲಿ ತಿರುಗ್ತದೆ, ಚಾಚಿಕೊಂಡ ಭಾಗ ಅಷ್ಟು ತಿರುಗುವುದಿಲ್ಲ. ತಿರುಗುವ ಕುರ್ಚಿಯಲ್ಲಿ ಮಗುವನ್ನು ಕೂರಿಸಿ ಮೆಲ್ಲ ತಿರುಗಿಸಿ ಕೈ ಚಾಚ್ಲಿಕ್ಕೆ, ಮಡಚ್ಲಿಕ್ಕೆ ಹೇಳಿ, ಮೈಗೇ ಅರ್ಥ ಆಗ್ತದೆ. 1894ರಲ್ಲಿ ಫ್ರಾನ್ಸಿನ ವಿಜ್ಞಾನಿ ಎಟಿಯೆನ್ ಜೂಲ್ಸ್ ಮಾರೇ ಸಾಲು ಸಾಲು ಫೋಟೋ ತೆಗೆದು ಇದನ್ನು ಮೊದಲ ಸಲ ತೋರಿಸಿದ, ಅವನ ಆ ಫೋಟೋ ಸಾಲು ನೋಡಿದ್ರೆ ಅದೇ ಒಂದು ಕಾಮಿಕ್ಸ್ ಪುಟದ ಹಾಗಿದೆ. ಬಾಲದಿಂದ ತಿರುಗುವುದು ಅಂತ ಕೆಲವು ಕಡೆ ಬರೆದಿರ್ತಾರೆ, ಬಾಲ ಇಲ್ಲದ ಬೆಕ್ಕು ಕೂಡ ತಿರುಗ್ತದೆ.

ಬೆಕ್ಕನ್ನು ಎತ್ತಿ ಬೀಳಿಸಿ ನೋಡುವ ಪ್ರಯೋಗ ಯಾವ ಕಾರಣಕ್ಕೂ ಬೇಡ. ಕಾಲ ಮೇಲೆ ಬಿದ್ರೂ ಎಲುಬು ಮುರೀತದೆ, ಗಲ್ಲ ಒಡೀತದೆ, ಫ್ಲಾಟ್ ಬಾಲ್ಕನಿಯಿಂದ ಬಿದ್ದು ಸಾಯುವ ಬೆಕ್ಕುಗಳೂ ಉಂಟು. "ಬಾಲ್ಕನಿಗೆ ನೆಟ್ ಹಾಕಿಸಿ" ಅಂತ 9ನೇ ಪುಟದ ಕೆಳಗೆ ಒಂದು ಸಾಲು ಬರೆಸಿ. ಮರಿಗಳಿಗೆ ಈ ತಿರುಗುವ ವಿದ್ಯೆ ಹುಟ್ಟಿದ ಮೂರು ನಾಲ್ಕು ವಾರದ ನಂತರ ಶುರುವಾಗಿ ಸುಮಾರು ಏಳು ವಾರಕ್ಕೆ ಸರಿಯಾಗಿ ಬರುವುದು.

ಕೇಳಿಸದ ಶಬ್ದ ಹೇಗೆ ತೋರಿಸುವುದು ಅಂತ ಕೇಳ್ತಾರೆ. ಮನುಷ್ಯನ ಕಿವಿಗೆ ಸುಮಾರು 20 ಕಿಲೋಹರ್ಟ್ಸ್‌ವರೆಗೆ (ಸೆಕೆಂಡಿಗೆ 20,000 ಕಂಪನ), ಬೆಕ್ಕಿಗೆ ಸುಮಾರು 85ರವರೆಗೆ ಕೇಳ್ತದೆ, ಇಲಿಮರಿಯ ಸಪೂರ ಕೀಚಲು ನಮಗೆ ಕೇಳದ್ದು ಅದಕ್ಕೆ ಕೇಳ್ತದೆ. ಇಲಿಯ ಬಲೂನನ್ನು ಹುಡುಗನ ತಲೆಯ ಹಿಂದಿನಿಂದ ಹಾಯಿಸಿ ನೇರ ಬೆಕ್ಕಿನ ಕಿವಿಗೆ ಮುಟ್ಟಿಸಿ, ಹುಡುಗನ ಬಲೂನಲ್ಲಿ ಬರೀ ಚುಕ್ಕಿ ಚುಕ್ಕಿ. ವಿವರಣೆಯೇ ಬೇಡ.

ಮೂರು ಬಣ್ಣದ ಬೆಕ್ಕು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ ಯಾಕೆ ಅನ್ನುವ ಪುಟ ಹೈಸ್ಕೂಲ್ ಮಕ್ಕಳಿದ್ರೆ ಮಾತ್ರ ತಗೊಳ್ಳಿ. ಕೇಸರಿ ಬಣ್ಣದ ಜೀನ್ ಎಕ್ಸ್ ವರ್ಣತಂತುವಿನ ಮೇಲೆ ಕೂತಿದೆ, ಹೆಣ್ಣಿಗೆ ಎಕ್ಸ್ ಎರಡು, ಒಂದೊಂದು ಜೀವಕೋಶದಲ್ಲಿ ಒಂದು ಎಕ್ಸ್ ಮಲಗ್ತದೆ. ಈ ಮಲಗುವ ವಿಚಾರ 1961ರಲ್ಲಿ ವಿಜ್ಞಾನಿ ಮೇರಿ ಲಯನ್ ಹೇಳಿದ್ದು. ಮೈಯ ಒಂದು ಕಡೆ ಕೇಸರಿಯ ಎಕ್ಸ್ ಎಚ್ಚರ, ಇನ್ನೊಂದು ಕಡೆ ಕಪ್ಪಿನದ್ದು, ಹಾಗಾಗಿ ತೇಪೆ ತೇಪೆ ಬಣ್ಣ (ಬಿಳಿ ಬರುವುದು ಬೇರೆ ಜೀನಿಂದ). ಪ್ರತಿ ತೇಪೆಯೊಳಗೆ ಮಲಗಿದ ಒಂದು ಎಕ್ಸ್, ಎಚ್ಚರ ಇರುವ ಒಂದು ಎಕ್ಸ್ ಬರೆಸಿ, ಸಾಕು.

ಹಂತ 6: ಸಣ್ಣ ನಕ್ಷೆ, ಆಮೇಲೆ ಪೆನ್ಸಿಲ್

ಬೆಂಕಿಪೆಟ್ಟಿಗೆ ಗಾತ್ರದ ಚೌಕದಲ್ಲಿ ಪೂರ್ತಿ ಪುಟದ ಅಂದಾಜು ಬರೀಬೇಕು, ಇದಕ್ಕೆ ಥಂಬ್‌ನೇಲ್ ಅಂತಾರೆ. ಕಡ್ಡಿ ಬೆಕ್ಕು ಸಾಕು. ಇದನ್ನು ಬಿಟ್ಟು ನೇರ ದೊಡ್ಡ ಹಾಳೆಗೆ ಹೋಗುವ ಮಕ್ಕಳು ಮೊದಲ ಚೌಕವನ್ನೇ ಅರ್ಧ ಪುಟ ಮಾಡಿ ಉಳಿದದ್ದನ್ನು ಮೂಲೆಗೆ ತುರುಕ್ತಾರೆ. ಒಂದು ಪುಟಕ್ಕೆ ಆರು ಚೌಕ ದಾಟಬೇಡಿ.

ಒಂದೊಂದು ಪುಟ ಒಂದೊಂದು ಎ4ರಲ್ಲಿ ದೊಡ್ಡದಾಗಿ ಬರೆದು ಆಮೇಲೆ ಕ್ಸೆರಾಕ್ಸಲ್ಲಿ 71%ಗೆ ಇಳಿಸಿದ್ರೆ ಸರಿಯಾಗಿ ಅರ್ಧ ಹಾಳೆ ಆಗ್ತದೆ, ಗೆರೆಯೂ ಚಂದ ಕಾಣ್ತದೆ. 8-9ಕ್ಕೆ ಮಾತ್ರ ಎ3 ಹಾಳೆ. ಸುತ್ತ 1.5 ಸೆಂ.ಮೀ. ಖಾಲಿ ಬಿಡಿ, ಮೆಷಿನ್ ಅಂಚು ತಿನ್ನುತ್ತದೆ. 8-9ರ ಮಡಿಕೆ ಬರುವಲ್ಲಿ ಬೆಕ್ಕಿನ ಮುಖ ಬರಬಾರದು.

ಹಂತ 7: ಅಕ್ಷರ ಮೊದಲು, ಬಲೂನ್ ಆಮೇಲೆ

ಕನ್ನಡದ ಕಾಮಿಕ್ಸ್ ಎಡವುವುದು ಇಲ್ಲಿ, ದಯವಿಟ್ಟು ಅವಸರ ಮಾಡ್ಬೇಡಿ. ಮಕ್ಕಳು ಮೊದಲು ಬಲೂನ್ ಉರುಟು ಹಾಕ್ತಾರೆ, ಆಮೇಲೆ ಅದರೊಳಗೆ ಮಾತು ಹಿಡಿಸುವುದಿಲ್ಲ, ಕೊನೆ ಅಕ್ಷರ ಗೋಡೆಗೆ ಒರಗ್ತದೆ. ಮಾತು ಬರೆದು ಅದರ ಸುತ್ತ ಬಲೂನ್ ಎಳೀಬೇಕು.

ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಣಿತ. ಮೇಲಿನ ಸಾಲಿನ "ಸ್ನಾಯು", "ದೃಷ್ಟಿ"ಯ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೊಡೆದ್ರೆ ಎರಡೂ ಓದ್ಲಿಕ್ಕೆ ಬರುವುದಿಲ್ಲ. 7 ಮಿ.ಮೀ. ಎತ್ತರದ ಅಕ್ಷರ ಬರೆದ್ರೆ ಸಾಲಿನ ನಡುವೆ ಮತ್ತೆ 7 ಮಿ.ಮೀ. ಬಿಡಿ, ಪೆನ್ಸಿಲಲ್ಲಿ ಗೆರೆ ಎಳೆದುಕೊಂಡೇ ಬರೆಸಿ. 71%ಗೆ ಇಳಿದ ಮೇಲೆ ಅದು 5 ಮಿ.ಮೀ. ಆಗ್ತದೆ, ಓದ್ಲಿಕ್ಕೆ ಹದ. ಬಲೂನ್ ಅಗಲ ಜಾಸ್ತಿ ಇರ್ಲಿ, ಕನ್ನಡದ ಪದ ಉದ್ದ. "ಪ್ರತಿಫಲಿಸುತ್ತದೆ" ಒಂದೇ ಪದ ಪೂರ್ತಿ ಸಾಲು ತಿಂತದೆ, "ವಾಪಸ್ ಬರ್ತದೆ" ಅಂದ್ರೆ ಎರಡು ಸಾಲಿಗೆ ಹಂಚಬಹುದು. ಪದವನ್ನು ನಡುವೆ ಮುರೀಬೇಡಿ. ಒಂದು ಬಲೂನಿಗೆ ಹತ್ತು ಪದ ಸಾಕೇ ಸಾಕು, ಮೊದಲು ಮಾತಾಡುವವರು ಎಡಕ್ಕೆ.

ಬಲೂನಿನ ಮಾತು ಮಕ್ಕಳು ಮಾತಾಡುವ ಹಾಗೇ ಇರ್ಲಿ, "ಎಂತ ಮಾಡ್ತಾ ಉಂಟು ಅದು?" ಅಂತ. ಚೌಕದ ಮೇಲಿನ ಪಟ್ಟಿಯ ವಿವರಣೆಗೆ, ಅಂದ್ರೆ ಕ್ಯಾಪ್ಷನ್‌ಗೆ, ಬರಹದ ಕನ್ನಡ. ಶಬ್ದಗಳನ್ನು ಇಂಗ್ಲಿಷ್ ಕಾಮಿಕ್ಸಿಂದ ಎತ್ತಬೇಡಿ, ಸರಕ್, ಧೊಪ್, ಗುರ್ರ್, ಪರಪರ, ಕುಯ್ ಕುಯ್, ನಮ್ಮಲ್ಲಿ ಬೇಕಾದಷ್ಟು ಉಂಟು.

ಕಂಪ್ಯೂಟರಲ್ಲಿ ಟೈಪ್ ಮಾಡುವವರಿಗೆ ಎರಡು ಮಾತು. ಯುನಿಕೋಡ್ ಫಾಂಟೇ ಬಳಸಿ, ಬಾಲೂ ತಮ್ಮ ಫ್ರೀ ಸಿಗ್ತದೆ, ಉರುಟುರುಟಾಗಿ ಮಕ್ಕಳ ಪುಸ್ತಕಕ್ಕೆ ಒಪ್ತದೆ. ನುಡಿ, ಬರಹ ಅನ್ನುವ ಸಾಫ್ಟ್‌ವೇರ್‌ಗಳ ಹಳೆ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ್ದನ್ನು ಬೇರೆ ಕಡೆ ಪೇಸ್ಟ್ ಮಾಡಿದ್ರೆ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರ ಬರ್ತದೆ. ಕೆಲವು ಚಿತ್ರದ ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಬಿಚ್ಚಿಹೋಗ್ತದೆ, ಹಳೆ ಫೋಟೋಶಾಪಲ್ಲಾದ್ರೆ ಟೈಪ್ ಸೆಟ್ಟಿಂಗಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಆನ್ ಮಾಡಿ, ಇಂಕ್‌ಸ್ಕೇಪಲ್ಲಿ ಸಾಮಾನ್ಯವಾಗಿ ಆ ರಗಳೆ ಇಲ್ಲ.

ಹಂತ 8: ಶಾಯಿ

ದಪ್ಪ ಪೆನ್ನಲ್ಲಿ ಚೌಕ ಮತ್ತು ಬೆಕ್ಕಿನ ಹೊರಗೆರೆ, ಸಪೂರದ್ದರಲ್ಲಿ ಮೀಸೆ, ರೋಮ, ಒಳವಿವರ. ಪೆನ್ಸಿಲ್ ಶೇಡಿಂಗ್ ಕ್ಸೆರಾಕ್ಸಲ್ಲಿ ಮಸಿ ಬಳಿದ ಹಾಗೆ ಬರ್ತದೆ, ನೆರಳಿಗೆ ಗೀಟು ಗೀಟು ಹಾಕಿ. ಶಾಯಿ ಚೆನ್ನಾಗಿ ಒಣಗುವ ತನಕ ರಬ್ಬರ್ ಮುಟ್ಟಬೇಡಿ, ಜೂನ್-ಜುಲೈಯಲ್ಲಿ ಒಂದು ರಾತ್ರಿ ಫ್ಯಾನ್ ಕೆಳಗೆ ಇಟ್ಟು ಬೆಳಿಗ್ಗೆ ಉಜ್ಜಿ. ಶಾಯಿಗೆ ಹೋಗುವ ಮೊದಲು ಕೊನೆಯ ಸಲ ಬೆರಳು ಎಣಿಸಿ, ಮುಂದೆ 5, ಹಿಂದೆ 4. ಹಲ್ಲು ಬಿಟ್ಟ ಬೆಕ್ಕು ಇದ್ರೆ ದೊಡ್ಡದಕ್ಕೆ ಒಟ್ಟು 30.

ಹಂತ 9: ಕ್ಸೆರಾಕ್ಸ್ ಮತ್ತು ಹೊಲಿಗೆ

ಇಳಿಸಿದ ಪುಟಗಳನ್ನು ಹಂತ 4ರ ಜೋಡಿಯ ಪ್ರಕಾರ ಹಾಳೆಗೆ ಅಂಟಿಸಿ ಮಾಸ್ಟರ್ ಕಾಪಿ ಮಾಡಿ, ಜೋಡಿಯಲ್ಲಿ ಸಮ ಸಂಖ್ಯೆ ಯಾವಾಗಲೂ ಎಡಕ್ಕೆ. ಅಂಗಡಿಯಲ್ಲಿ ಎರಡೂ ಬದಿ ಹೊಡೆಸುವಾಗ "ಶಾರ್ಟ್ ಎಡ್ಜ್ ತಿರುಗಿಸಿ" ಅಂತ ಸ್ಪಷ್ಟ ಹೇಳಿ, ಇಲ್ಲದಿದ್ರೆ ಹಿಂಬದಿ ತಲೆಕೆಳಗಾಗಿ ಬರ್ತದೆ. ಮೊದಲು ಒಂದೇ ಸೆಟ್ ಹೊಡೆಸಿ, ಅಲ್ಲೇ ನಿಂತು ಮಡಚಿ, 1ರಿಂದ 16ರವರೆಗೆ ತಿರುಗಿಸಿ ನೋಡಿ, ಆಮೇಲೆ ಉಳಿದದ್ದಕ್ಕೆ ಹೇಳಿ. ಹಾಂ, ಬಣ್ಣ ಬೇಕಂದ್ರೆ ರಕ್ಷಾಪುಟಕ್ಕೆ ಮಾತ್ರ, ಕೈಯಿಂದಲೇ ತುಂಬ್ಲಿ.

ಪಿನ್ ಬದಲು ನೂಲು ಅಂತ ನಾನು ಹೇಳುವುದು ಯಾಕೆಂದ್ರೆ ಕಡಲ ಬದಿಯ ಗಾಳಿಗೆ ಪಿನ್ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ನಡುಪುಟಕ್ಕೆ ಕಲೆ ಆಗ್ತದೆ, ಅಲ್ಲಿ ಇರುವುದು ನಮ್ಮ ಬೀಳುವ ಬೆಕ್ಕು. ಮಡಿಕೆಯ ಮೇಲೆ ಮೂರು ತೂತು ಮಾಡಿ. ಸೂಜಿಯನ್ನು ನಡುವಿನ ತೂತಲ್ಲಿ ಒಳಗಿಂದ ಹೊರಗೆ ತೆಗೆಯಿರಿ, ನೂಲಿನ ತುದಿ ಒಳಗೆ ಒಂದು ಗೇಣು ಬಿಟ್ಟಿರಿ. ಮೇಲಿನ ತೂತಿಂದ ಒಳಗೆ, ಅಲ್ಲಿಂದ ನಡುವಿನದ್ದನ್ನು ಬಿಟ್ಟು ಕೆಳಗಿನ ತೂತಿಂದ ಹೊರಗೆ, ಮತ್ತೆ ನಡುವಿನ ತೂತಿಂದ ಒಳಗೆ. ಎರಡು ತುದಿ ಉದ್ದ ನೂಲಿನ ಆಚೀಚೆ ಬರುವ ಹಾಗೆ ಇಟ್ಟು ಬಿಗಿಯಾಗಿ ಗಂಟು ಹಾಕಿ. ತೂತು ಮಾಡುವ ಕೆಲಸ ದೊಡ್ಡವರದ್ದು, ಹೊಲಿಗೆ ಮಕ್ಕಳದ್ದು. ಮಾಸ್ಟರ್ ಕಾಪಿಯನ್ನು ಜಿಪ್ ಕವರಿಗೆ ಹಾಕಿ ಒಂದು ಸಿಲಿಕಾ ಪೊಟ್ಟಣದ ಜೊತೆ ಇಡಿ (ಹೊಸ ಚಪ್ಪಲಿ ಬಾಕ್ಸಲ್ಲಿ ಸಿಗ್ತದಲ್ಲ, ಅದೇ, ಸಣ್ಣ ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ), ಮುಂದಿನ ವರ್ಷ ಮತ್ತೆ ಹೊಡೆಸ್ಲಿಕ್ಕೆ ಬೇಕಾಗ್ತದೆ.